ಎರಡು ಮಗ್ಗ, ಒಂದು ಹಸಿರು

ನಾನು ರೋಣದ ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುತ್ತೇನೆ. ಸಂಜೆ ಗಜೇಂದ್ರಗಡದ ಮನೆಗೆ ಬಂದು, ಚಹಾ ಕುಡಿದು, ಸೀರೆ ಮಗ್ಗಗಳಿಗೆ ಕಂಡಿಕೆ ಸುತ್ತುತ್ತೇನೆ. ಲಾಳಿಯೊಳಗೆ ಕೂರುವ ನೂಲಿನ ಸಣ್ಣ ಸುರುಳಿಯೇ ಕಂಡಿಕೆ.

ಮೊದಲು ಅತ್ತೆಯದೊಂದೇ ಮಗ್ಗ, ಕಂಡಿಕೆಗೂ ಒಂದೇ ಬುಟ್ಟಿ. ನಾದಿನಿಗೂ ಮಗ್ಗ ಹಾಕಿಸಿದೆವು, ಆದರೆ ಕೆಲಸ ದುಪ್ಪಟ್ಟಾಗಲಿಲ್ಲ. ಇಬ್ಬರೂ ಅದೇ ಬುಟ್ಟಿಗೆ ಎದ್ದು ಬರುವರು; ಒಬ್ಬರು ಕಂಡಿಕೆ ಆರಿಸುವ ತನಕ ಇನ್ನೊಬ್ಬರು ನಿಂತಿರಬೇಕು. ಒಂದೇ ಪ್ರೊಸೆಸರಿಗೆಂದು ಬರೆದ ಆಪರೇಟಿಂಗ್ ಸಿಸ್ಟಮ್ಮಿಗೂ ಎರಡನೆಯದು ಬಂದಾಗ ಇದೇ ಪಾಡಾಗಿತ್ತು: ಎಲ್ಲಕ್ಕೂ ಒಂದೇ ಬೀಗ, ಒಂದು ಒಳಗಿದ್ದರೆ ಇನ್ನೊಂದು ಹೊರಗೆ ಕಾಯಬೇಕು. ಆಮೇಲೆ ಅದು ಪ್ರತಿ ಪ್ರೊಸೆಸರಿಗೂ ಅದರದೇ ಕೆಲಸದ ಸಾಲು ಕೊಟ್ಟಿತು. ಶುರುವಾದ ಕೆಲಸವನ್ನು ಆದಷ್ಟು ಅಲ್ಲೇ ಉಳಿಸಿತು. ಬೇಕಾದ ಮಾಹಿತಿಯ ನಕಲು ಅಲ್ಲಿನ ಕ್ಯಾಶ್ ಎಂಬ ಪುಟ್ಟ ಮೆಮೊರಿಯಲ್ಲಿ ಕೈಗೆಟಕುವಂತೆ ಇರುತ್ತದಲ್ಲ. ನಾವೂ ಮಗ್ಗಕ್ಕೊಂದು ಸಣ್ಣ ಬುಟ್ಟಿ ಇಟ್ಟೆವು; ಅದು ಖಾಲಿಯಾದಾಗ ಮಾತ್ರ ಹಳೆಯ ದೊಡ್ಡ ಬುಟ್ಟಿಗೆ ಬರಬೇಕು.

ಹೋದ ತಿಂಗಳು ಪುರ್ತಗೇರಿಯ ಹೆಣ್ಣುಮಗಳೊಬ್ಬಳು ಮಗಳ ಕುಬಸಕ್ಕೆ, ಅಂದರೆ ಸೀಮಂತಕ್ಕೆ, ಎರಡು ಹಸಿರು ಸೀರೆ ಹೇಳಿದಳು: ಬಸುರಿ ಮಗಳಿಗೊಂದು, ಬೀಗತಿಗೊಂದು.

"ಬಣ್ಣ ಒಂದ ಇರಬೇಕ್ರಿ. ಎಳ್ಳಷ್ಟ ಫರಕ ಆದ್ರೂ ಬೀಗತಿ ಊಟಕ್ಕ ಕುಂದರಂಗಿಲ್ಲ!"

ನೇಯ್ಗೆ ಶುರುವಾಗುವ ಮುಂಜಾನೆ ಫೋನ್ ಬಂತು: ತಿಳಿಹಸಿರು ಬೇಡ, ಕಡುಹಸಿರು ಬೇಕು. ನಾನು ಲಗುಬಗೆಯಿಂದ ಕಡುಹಸಿರು ಸುತ್ತಿ, ದೊಡ್ಡ ಬುಟ್ಟಿ ತುಂಬಿ, ಯಾರಿಗೂ ಹೇಳದೆ ಬಸ್ಸಿಗೆ ಓಡಿದೆ.

ಸಂಜೆ ಬಂದು ನೋಡಿದರೆ ನಡುಮನೆಯಲ್ಲಿ ಅತ್ತೆಯ ಸೀರೆ ಕಡುಹಸಿರು, ಪಡಸಾಲೆಯಲ್ಲಿ ನಾದಿನಿಯದು ತಿಳಿಹಸಿರು. ಅತ್ತೆಯ ಸಣ್ಣ ಬುಟ್ಟಿ ಖಾಲಿ ಇದ್ದದ್ದಕ್ಕೆ ಅವರು ಹೊಸದನ್ನು ಒಯ್ದಿದ್ದರು. ನಾದಿನಿಯ ಬುಟ್ಟಿ ಹಿಂದಿನ ಸಂಜೆ ನಾನು ಸುತ್ತಿದ್ದ ತಿಳಿಹಸಿರಿನಿಂದ ತುಂಬಿತ್ತು. ಆಕೆ ದೊಡ್ಡ ಬುಟ್ಟಿಯ ಕಡೆ ಎದ್ದೇ ಇರಲಿಲ್ಲ. ಮೊಳದಷ್ಟು ನೇಯ್ದಾಗಿತ್ತು. ಕುಬಸಕ್ಕೆ ಆರೇ ದಿನ.

"ಯವ್ವಾ! ವೈನಿ, ನನ್ನ ಬುಟ್ಟ್ಯಾಗ ಹಳೇವು ಅದಾವಂತ ನೆಪ್ಪಾಗ್ಲಿಲ್ಲೇನ್ರಿ?"

"ಊರ ಮಂದಿಗೆಲ್ಲಾ ಪಾಠ ಹೇಳ್ತಾಳ," ಅತ್ತೆ ನಕ್ಕರು, "ಮನ್ಯಾಗ ಒಂದ ಮಾತ ಹೇಳಾಕ ಆಗ್ಲಿಲ್ಲ."

ಮೂವರೂ ಕೂತು ತಿಳಿಹಸಿರನ್ನು ಎಳೆ ಎಳೆಯಾಗಿ ಬಿಚ್ಚಿದೆವು. ಬಿಚ್ಚುತ್ತಲೇ ನಾದಿನಿ ಕಟ್ಟಳೆ ಹಾಕಿದಳು: "ಇನ್ನ ಮ್ಯಾಲ ಬಣ್ಣ ಬದಲಾದ್ರ, 'ಹಳೇವು ತಗೀರಿ' ಅಂತ ಕೂಗ್ರಿ. ನಾವಿಬ್ರೂ 'ತಗದ್ವಿ' ಅನ್ನೂತನಕ ಹೊಸ್ತಿಲ ದಾಟಬ್ಯಾಡ್ರಿ, ಬಸ್ ಹೋದ್ರ ಹೋಗ್ಲಿ."

ನನಗೆ ನಗು ತಡೆಯಲಾಗಲಿಲ್ಲ. ಮೆಮೊರಿಯ ವಿಳಾಸ ಬದಲಾದಾಗ ಆಪರೇಟಿಂಗ್ ಸಿಸ್ಟಮ್ ಮಾಡುವುದೂ ಇದನ್ನೇ: ನಿಮ್ಮಲ್ಲಿರುವ ಹಳೆಯ ವಿಳಾಸದ ನಕಲು ಬಿಡಿ ಎಂದು ಉಳಿದ ಪ್ರೊಸೆಸರುಗಳಿಗೆ ಹೇಳಿ, ಎಲ್ಲವೂ ಬಿಟ್ಟೆವು ಎನ್ನುವವರೆಗೆ ಕಾಯುತ್ತದೆ. ವರ್ಷ ವರ್ಷವೂ ನಾನೇ ಕಲಿಸಿದ ಪಾಠ!

ಕುಬಸದ ದಿನ ಬೀಗತಿ ಎರಡೂ ಸೀರೆಯನ್ನು ಬಾಗಿಲ ಬಿಸಿಲಿಗೆ ಒಯ್ದು, ಅಕ್ಕಪಕ್ಕ ಹಿಡಿದು, ಹೊರಳಿಸಿ ಹೊರಳಿಸಿ ನೋಡಿದರು. ಸೀರೆ ತಲುಪಿಸಲು ಹೋಗಿದ್ದ ನಾವು ಮೂವರೂ ಅವರ ಮುಖವನ್ನೇ ನೋಡುತ್ತಿದ್ದೆವು.

"ಎಲಿ ಹಾಕ್ರಿ," ಅಂದರು. "ಹಸಿವಾಗೇತಿ."