ಕೆಂಪು ಖಣ ಮತ್ತು ಮುನ್ನೂರರ ಲೆನ್ಸು

ಹೋದ ವಾರ ಬಾಗಲಕೋಟೆಯ ಮಗಳ ಮನೆಯಲ್ಲಿ ಒಂದು ಪಾರ್ಸೆಲ್ ಬಿಚ್ಚಲಾಯಿತು. ಆ ಸಮಾರಂಭಕ್ಕೆ ಅಧ್ಯಕ್ಷನೆಂದು ನನ್ನನ್ನು ಕುರ್ಚಿ ಹಾಕಿ ಕೂರಿಸಿದ್ದರು. ಡಬ್ಬಿಯೊಳಗೆ ಡಬ್ಬಿ, ಅದರೊಳಗೆ ಗುಳ್ಳೆಗುಳ್ಳೆಯ ಪ್ಲಾಸ್ಟಿಕ್ಕು, ಅದರೊಳಗೆ ಮೊಳಕೈಯಷ್ಟು ಉದ್ದದ ಕರಿ ಲೆನ್ಸು. ಹಿನ್ನೀರಿಗೆ ಬರುವ ಹಕ್ಕಿಗಳ ಫೋಟೋ ತೆಗೆಯಲು ಮಗಳು ತರಿಸಿಕೊಂಡ ಟೆಲಿಫೋಟೋ ಝೂಮ್. ಮುಚ್ಚಳ ತೆಗೆದ ಕೂಡಲೇ ಹೊಸ ರಬ್ಬರಿನ ವಾಸನೆ ಬಂತು, ಸೈಕಲ್ ಅಂಗಡಿಯಲ್ಲಿ ಹೊಸ ಟ್ಯೂಬು ಬಿಚ್ಚಿದಾಗ ಬರುವಂಥದ್ದು. ನನ್ನ ಮೂಗಿಗೆ ಮಾತ್ರ ಅದರ ಜೊತೆ ಜೋಳದ ವಾಸನೆಯೂ ಬಂದ ಹಾಗಾಯಿತು. ಪಾರ್ಸೆಲ್ಲಿನಲ್ಲಿ ಜೋಳ ಇರಲಿಲ್ಲ. ಜೋಳ ಇದ್ದದ್ದು ಬಾದಾಮಿಯಲ್ಲಿ, ನಮ್ಮ ಬಾಜೂಮನೆಯ ಫೋಟೋದವರ ಡಬ್ಬಿಯಲ್ಲಿ...

ನಾನು ಆಗ ಬಾದಾಮಿಯಲ್ಲಿ ಸರ್ಕಾರದ ಕಡತಗಳನ್ನು ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಕಳಿಸುವ ಗುರುತರ ಜವಾಬ್ದಾರಿ ಹೊತ್ತಿದ್ದೆ. ಫೋಟೋದವರು ನನ್ನ ಗೋಡೆಗೆ ಗೋಡೆ ಹತ್ತಿದ ಮನೆಯಲ್ಲಿದ್ದರು. ಗುಡ್ಡ ಕೊರೆದು ಮಾಡಿದ ಮೇಣಬಸದಿ ಗುಹೆಗಳನ್ನು ನೋಡಲು ಬಂದವರನ್ನು ಗುಹೆಯ ಕಂಬಕ್ಕೆ ಆನಿಸಿ ನಿಲ್ಲಿಸಿ ಫೋಟೋ ತೆಗೆದು, ಅವರು ಊಟ ಮುಗಿಸಿ ಬಸ್ಸು ಹತ್ತುವುದರೊಳಗೆ ಪ್ರಿಂಟು ಕೈಗೆ ಕೊಡುವುದು ಅವರ ಉದ್ಯೋಗ. ಕೊರಳಲ್ಲಿ ಕ್ಯಾಮೆರಾ, ಜೇಬಿನಲ್ಲಿ ಬಾಚಣಿಗೆ. ಬಾಚಣಿಗೆ ಗಿರಾಕಿಗಳಿಗೆ. ಅವರ ತಲೆಯಲ್ಲಿ ಬಾಚಲು ಅಂಥದ್ದೇನೂ ಉಳಿದಿರಲಿಲ್ಲ.

ಆಮೇಲೆ ಎಲ್ಲರ ಕೈಗೂ ಫೋನು ಬಂತು. ಬಂದವರು ಇವರ ಎದುರಿಗೇ ಕೈ ಉದ್ದ ಮಾಡಿ ತಮ್ಮ ಮುಖ ತಾವೇ ತೆಗೆದುಕೊಳ್ಳತೊಡಗಿದರು. ಕೆಲವರು ಇವರ ಕೈಗೇ ಫೋನು ಕೊಟ್ಟು, “ಕಾಕಾ, ನಮ್ದೊಂದು ತಗೀರಿ” ಎನ್ನುತ್ತಿದ್ದರು. ಇವರು ತೆಗೆದೂ ಕೊಡುತ್ತಿದ್ದರು. ಹಾಗೆ ಬಿಟ್ಟಿ ತೆಗೆದು ಬಂದ ದಿನ ಸಂಜೆ ಕಟ್ಟೆಯ ಮೇಲೆ ಕೂತು ಯಾರ ಜೊತೆಗೂ ಮಾತಾಡುತ್ತಿರಲಿಲ್ಲ.

ಒಂದು ಸಂಜೆ ಮಾತ್ರ ತಾವಾಗಿಯೇ ನಮ್ಮ ಕಟ್ಟೆಗೆ ಬಂದರು.

“ಅಣ್ಣಾರ, ಫೋನಿಗೆ ಆಗದ್ದನ್ನ ಮಾಡಬೇಕ್ರಿ ನಾವು. ಹೊಂಡದ ಆ ದಂಡಿಗೆ ಮಂದಿ, ಈ ದಂಡಿಗೆ ನಾ. ನಡುವ ನೀರು, ಹಿಂದ ಕೆಂಪು ಗುಡ್ಡ. ಯಾವ ಫೋನಿಗೆ ಬರತೈತಿ ಹೇಳ್ರಿ?”

ಯಾವ ಫೋನಿಗೂ ಬರುತ್ತಿರಲಿಲ್ಲ. ಆಗ. ಅಗಸ್ತ್ಯತೀರ್ಥದ ಆಚೆ ದಂಡೆಯಲ್ಲಿ, ನೀರಿಗೆ ಚಾಚಿಕೊಂಡಿರುವ ಭೂತನಾಥನ ಗುಡಿಯ ಮಂಟಪದಲ್ಲಿ ಜನ ನಿಲ್ಲುವುದು; ಇವರು ಈಚೆ ಮೆಟ್ಟಿಲ ಮೇಲೆ ನಿಂತು ಅವರನ್ನು ಹತ್ತಿರಕ್ಕೆ ಎಳೆದುಕೊಳ್ಳುವುದು. ಅದಕ್ಕೊಂದು ದೂರದ ಲೆನ್ಸು ಬೇಕು. ಉದ್ಯೋಗ ಉಳಿದರೆ ಅದರಿಂದ ಉಳಿಯಬೇಕು, ಇಲ್ಲದಿದ್ದರೆ ಬೋರ್ಡು ಇಳಿಸಬೇಕು. ಅವರು ಹೇಳಿದ್ದು ಅಷ್ಟೇ.

ಹೀಗೆ ನಮ್ಮ ಓಣಿಯಲ್ಲಿ ಲೆನ್ಸು ಆಯ್ಕೆ ಸಮಿತಿ ಅಸ್ತಿತ್ವಕ್ಕೆ ಬಂತು. ಸದಸ್ಯರು ಇಬ್ಬರು. ನನ್ನ ಅರ್ಹತೆ ಎಂದರೆ ಇಂಗ್ಲಿಷ್ ಓದಲು ಬರುತ್ತಿದ್ದದ್ದು ಮತ್ತು ಕಚೇರಿಯಲ್ಲಿ ಪುರುಸೊತ್ತು ಇದ್ದದ್ದು. ಕಣದಲ್ಲಿ ಮೂರು ಲೆನ್ಸುಗಳಿದ್ದವು. ಒಂದು ಇನ್ನೂರು ಮಿಲಿಮೀಟರ್‌ವರೆಗೆ ಹೋಗುವ ಹಗುರಾದದ್ದು. ಇನ್ನೊಂದು ಮುನ್ನೂರರದು, ಕೈ ಸ್ವಲ್ಪ ನಡುಗಿದರೆ ತಾನೇ ಒಳಗೆ ಸಂಭಾಳಿಸಿಕೊಳ್ಳುವಂಥದ್ದು. ಮೂರನೆಯದು ಆರುನೂರರದು, ಆನೆಯ ಸೊಂಡಿಲು. ಲೆನ್ಸು ದೂರ ಹೋದಷ್ಟೂ ಒಳಗೆ ಬರುವ ಬೆಳಕು ಕಡಿಮೆ, ಬೆಳಕು ಕಡಿಮೆಯಾದಷ್ಟೂ ಫೋಟೋ ಅಲುಗಾಡುವುದು ಜಾಸ್ತಿ ಎಂದು ನಾನು ಓದಿ ಹೇಳಿದೆ. ಗಿರಾಕಿಗಳು ಬರುವುದೋ ಸಂಜೆ, ಬಿಸಿಲು ಇಳಿದ ಮೇಲೆ.

“ಅದು ಬೆಳಕಿಂದಾತು. ತೂಕ ಎಷ್ಟೈತಿ ಓದ್ರಿ,” ಅಂದರು.

ಓದಿದೆ. ಮರುದಿನ ಅವರು ಮೂರು ಹಾಲಿನಪುಡಿ ಡಬ್ಬಿ ತೆಗೆದುಕೊಂಡು ಕಿರಾಣಿ ಅಂಗಡಿಗೆ ಹೋಗಿ, ಮೂರು ಲೆನ್ಸಿನ ತೂಕಕ್ಕೆ ಸರಿಯಾಗಿ ಒಂದೊಂದರಲ್ಲೂ ಜೋಳ ತುಂಬಿಸಿಕೊಂಡು ಬಂದರು. ಆಮೇಲೆ ಪ್ರತಿದಿನ ಸಂಜೆ ಅಂಗಳದಲ್ಲಿ ನಿಂತು ಒಂದೊಂದೇ ಡಬ್ಬಿಯನ್ನು ಕಣ್ಣಿಗೆ ಹಿಡಿದು, ಉಸಿರು ಬಿಗಿಹಿಡಿದು, ಗುಡ್ಡದ ಕಡೆಗೆ ನೋಡತೊಡಗಿದರು. ಡಬ್ಬಿಯೊಳಗೆ ಜೋಳ ಸರಸರ ಅಂದರೆ ಕೈ ಅಲುಗಿತು ಅಂತ ಅರ್ಥ. ಜಗತ್ತಿನಲ್ಲಿ ಬೇರೆ ಯಾರೂ ಹೀಗೆ ಲೆನ್ಸು ಆರಿಸಿರಲಿಕ್ಕಿಲ್ಲ. ಆರಿಸಿದ್ದರೂ ಅವರ ಹೆಂಡತಿ ಸುಮ್ಮನಿದ್ದಿರಬೇಕು. ಇವರ ಮನೆಯಲ್ಲಿ ಅಂಥ ಭಾಗ್ಯ ಇರಲಿಲ್ಲ.

“ಜ್ವಾಳದ ಡಬ್ಬಿ ಕಣ್ಣಿಗೆ ಹಿಡದು ಏನ್ ಕಾಣಾಕತ್ತೈತ್ರಿ? ರೊಟ್ಟಿ ಕಾಣಾಕತ್ತಾವೇನು? ಕಂಡ್ರ ನನಗೂ ಹೇಳ್ರಿ, ಒಲಿ ಹಚ್ಚೂದು ತಪ್ಪತೈತಿ,” ಎಂದು ಆಕೆ ಬಾಗಿಲಲ್ಲಿ ನಿಂತು ಅಂದರೆ ಓಣಿಯೇ ನಗುತ್ತಿತ್ತು.

ಆರುನೂರರ ಡಬ್ಬಿ ಕೂಸಿನ ಗಿಲಕಿಯಂತೆ ಸದ್ದು ಮಾಡಿ ಸ್ಪರ್ಧೆಯಿಂದ ಹಿಂದೆ ಸರಿಯಿತು. ಉಳಿದವು ಎರಡು. ನನ್ನ ಮತ ಇನ್ನೂರರದಕ್ಕೆ. ಹಗುರ, ಬೆಳಕೂ ವಾಸಿ. ಅದಾದರೆ ಮಂಟಪದ ಸಮೀಪ ನಿಲ್ಲಬೇಕಾಗುತ್ತದೆ, ನಿಂತರಾಯಿತು. ಅವರು ಒಪ್ಪಲಿಲ್ಲ.

“ಸಮೀಪ ನಿಂತ್ರ ಮಂದಿ ಫೋಟೋಕ್ಕಂತ ನಿಲ್ತಾರ್ರಿ ಅಣ್ಣಾರ. ಕುತ್ತಿಗಿ ಬಿಗೀ ಮಾಡ್ತಾರ. ದೂರ ನಿಂತ್ರ ನನ್ನ ಮರೀತಾರ. ಆವಾಗ ಬರೂ ನಗಿ ಅವರದ ಆಗಿರತೈತಿ.”

ಸಮಿತಿಯ ಅಧ್ಯಕ್ಷರು ಅವರೇ ಆದ್ದರಿಂದ ಮುನ್ನೂರರದು ಆಯ್ಕೆಯಾಯಿತು. ಹುಬ್ಬಳ್ಳಿಗೆ ಹೋಗಿ, ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ತಂದರು. ಹೊಂಡದ ಕಡೆಗೆ ಹೋಗುವ ದಾರಿಯ ಚಹಾದಂಗಡಿಯವನು ನೋಡಿ, “ಗುಡ್ಡದ ಕೋಟಿ ಮ್ಯಾಲಿನ ತೋಪು ಸಾಲಲಿಲ್ಲಂತ ಮಾಲಕರು ಇನ್ನೊಂದ ತಂದಾರ್ರೆಪಾ!” ಎಂದ. ಅವತ್ತು ಎಲ್ಲರಿಗೂ ಇವರೇ ಚಹಾ ಕುಡಿಸಿದರು.

ಆಚೆ ದಂಡೆಯ ಗುಂಪಿನಲ್ಲಿ ತಮ್ಮ ಗಿರಾಕಿ ಯಾರು ಎಂದು ತಿಳಿಯುವುದಕ್ಕೆ ಒಂದು ಉಪಾಯ ಮಾಡಿದ್ದರು. ಹೆಂಡತಿಯ ತವರು ಗುಳೇದಗುಡ್ಡ. ಅಲ್ಲಿನ ಮನೆಯ ಮಗ್ಗದಲ್ಲಿ ಉಳಿದ ಕೆಂಪು ಖಣದ ತುಂಡೊಂದನ್ನು ಗಿರಾಕಿಯ ಕೈಗೆ ಕೊಟ್ಟು ಕಳಿಸುವುದು. ಮಂಟಪ ಮುಟ್ಟಿದ ಮೇಲೆ ಅವರು ಅದನ್ನು ಮೇಲೆತ್ತಿ ಬೀಸಬೇಕು. ಕುಪ್ಪಸದ ಬಟ್ಟೆ ಅದು, ಇಳಿಬಿಸಿಲಿಗೆ ನೀರಿನ ಆಚೆಯಿಂದಲೂ ಮಿಂಚುತ್ತಿತ್ತು. ಖಣ ಕಾಣದೆ ಅವರು ಲೆನ್ಸು ಎತ್ತುತ್ತಿರಲಿಲ್ಲ. ಊರಿಗೆಲ್ಲ ಗೊತ್ತಿದ್ದ ಸಂಗತಿ. ಚಹಾದಂಗಡಿಯವನಿಗೆ, ಆಟೋದವರಿಗೆ, ಮೆಟ್ಟಿಲ ಮೇಲೆ ಅರಿವೆ ಒಗೆಯುವ ಹೆಣ್ಣುಮಕ್ಕಳಿಗೆ... ಎಲ್ಲರಿಗೂ.

ಆ ಒಂದು ಚಳಿಗಾಲ ಚೆನ್ನಾಗಿ ನಡೆಯಿತು. ನಮ್ಮನ್ನೂ ಒಮ್ಮೆ ಆಚೆ ದಂಡೆಗೆ ಕಳಿಸಿ ತೆಗೆದರು. ಅದರಲ್ಲಿ ನನ್ನ ಹೆಂಡತಿ ನನಗೆ ಏನೋ ಬೈಯುತ್ತ ನಗುತ್ತಿದ್ದಾಳೆ. ಇನ್ನೂರರ ಪರ ಮತ ಹಾಕಿದ್ದು ತಪ್ಪೆಂದು ಅವತ್ತೇ ಒಪ್ಪಿಕೊಂಡೆ.

ಬೇಸಿಗೆ ಶುರುವಾಗುವ ಹೊತ್ತು. ಹುನಗುಂದದ ಕಡೆಯ ಒಂದು ಕುಟುಂಬ, ಹೊಸ ಮದುಮಕ್ಕಳನ್ನು ಬನಶಂಕರಿಗೆ ಕರೆತಂದು, ಹಣ್ಣುಕಾಯಿ ಮುಗಿಸಿ ಹೊಂಡದ ಕಡೆಗೆ ಬಂದಿತ್ತು. ಮದುಮಗ ಹಿರಿಯರಿಂದ ತಪ್ಪಿಸಿಕೊಂಡು ಬಂದು ಇವರ ಕಿವಿಯಲ್ಲಿ ಹೇಳಿದನಂತೆ: “ಕಾಕಾ, ನಾವಿಬ್ರ ಆ ಮಂಟಪಕ್ಕ ಹೋಗ್ತೇವಿ. ಒಂದ ಫೋಟೋ ತಗೀರಿ. ನಮ್ಮಪ್ಪಗ ಮಾತ್ರ ಗೊತ್ತಾಗಬಾರದ್ರಿ.” ಇವರು ನಕ್ಕು ಖಣ ಕೊಟ್ಟು ಕಳಿಸಿದರು.

ಮದುಮಗನ ಅಪ್ಪ ಮಂಡಿನೋವಿಗೆ ಮಂಟಪದವರೆಗೆ ನಡೆಯಲಾರದೆ ಈಚೆ ಮೆಟ್ಟಿಲ ಮೇಲೆಯೇ ಕೂತಿದ್ದ. ಇವರ ಬೆನ್ನ ಹಿಂದೆ. ಇವರಿಗೆ ಅದು ಗೊತ್ತಿರಲಿಲ್ಲ. ಆಚೆ ಖಣ ಮಿಂಚಿತು, ಇವರು ಲೆನ್ಸು ಎತ್ತಿ ತೆಗೆದರು, ತೆಗೆದದ್ದನ್ನು ಕ್ಯಾಮೆರಾದ ಪರದೆಯ ಮೇಲೆ ದೊಡ್ಡದು ಮಾಡಿ ನೋಡಿದರು. ಹಿಂದಿನಿಂದ ಇಣುಕಿದ ಮಾವನ ಕಣ್ಣಿಗೆ ಬಿದ್ದದ್ದು ತನ್ನ ಮನೆಯ ಸೊಸೆಯ ಮುಖ.

“ಯಾವನಲೇ ನೀ? ಕದ್ದು ಹೆಣಮಕ್ಕಳ ಫೋಟೋ ತಗೀತಿ?”

ಮೊದಲು ಇವರು ಏನೂ ಹೇಳಲಿಲ್ಲವಂತೆ. ಹೇಳಬಾರದು ಎಂದು ಹುಡುಗ ಕೇಳಿಕೊಂಡಿದ್ದನಲ್ಲ. ಸುಮ್ಮನಿದ್ದದ್ದೇ ಸಾಕ್ಷಿಯಾಯಿತು. ಕಪಾಳಕ್ಕೆ ಬಿತ್ತು. ಜನ ಕೂಡಿದರು. ಆಗ ಹೇಳಿದರು: “ನಿಮ್ಮ ಮಗನ ಹೇಳ್ಯಾನ್ರಿ. ಕೇಳ್ರಿ ಬೇಕಾದ್ರ.”

ಮಗ ಹೊಂಡ ಸುತ್ತಿ ಓಡಿ ಬಂದ. ಬರುವಷ್ಟರಲ್ಲಿ ಅವನ ಕೈಯಲ್ಲಿ ಖಣ ಇರಲಿಲ್ಲ. ಅಪ್ಪ ಕೇಳಿದ. ಮಗ ನೆಲ ನೋಡಿದ. “ನನಗೇನ ಗೊತ್ತಿಲ್ರಿ ಅಪ್ಪಾ,” ಎಂದ.

ನಾನು ಅವತ್ತು ಕಚೇರಿ ಕೆಲಸಕ್ಕೆ ಬಾಗಲಕೋಟೆಗೆ ಹೋಗಿದ್ದೆ. ಬಸ್ಸಿನಲ್ಲಿ ಬರುವಾಗಲೇ ಫೋನಿಗೆ ವಿಡಿಯೋ ಬಂತು. ‘ಬಾದಾಮಿಯಲ್ಲಿ ಕಳ್ಳ ಕ್ಯಾಮೆರಾ, ಮಹಿಳೆಯರೇ ಎಚ್ಚರ’ ಎಂಬ ತಲೆಬರಹ. ಅದರಲ್ಲಿ ಅಂಗಿಯ ಗುಂಡಿ ಕಿತ್ತ ನಮ್ಮ ಫೋಟೋದವರು ಎರಡೂ ಕೈಯಿಂದ ಲೆನ್ಸನ್ನು ಹೊಟ್ಟೆಗೆ ಅವಚಿಕೊಂಡು ಕುಕ್ಕರಗಾಲಿನಲ್ಲಿ ಕೂತಿದ್ದರು. ಸುತ್ತ ನಿಂತವರೆಲ್ಲ ಫೋನು ಎತ್ತಿ ಹಿಡಿದಿದ್ದರು. ಕೇಳದೆ ಫೋಟೋ ತೆಗೆಯುವ ಮಹಾಪರಾಧವನ್ನು ಖಂಡಿಸುತ್ತ, ಅವರನ್ನು ಕೇಳದೆ ಅವರ ಫೋಟೋ ತೆಗೆಯುತ್ತಿದ್ದರು. ನಾಚಿಕೆ ಎಂಬುದು ಆ ಚೌಕಟ್ಟಿನಲ್ಲಿ ಇದ್ದದ್ದು ಒಬ್ಬರಿಗೇ. ಅದೂ ತಪ್ಪಿಲ್ಲದವರಿಗೆ.

ಮರುದಿನ ಚಹಾದಂಗಡಿಗೆ ಹೋಗಿ ಕೇಳಿದೆ. “ಖಣದ ಸುದ್ದಿ ನಿನಗ ಗೊತ್ತಿತ್ತಲ್ಲೋ. ಒಂದ ಮಾತು ಹೇಳಾಕ ಏನಾಗಿತ್ತು?”

“ಮಂದಿ ಭಾಳ ಸಿಟ್ಟಿನ್ಯಾಗಿದ್ರಿ ಅಣ್ಣಾರ. ಮತ್ತ... ವ್ಯಾಪಾರದ ಹೊತ್ತು ನೋಡ್ರಿ,” ಎಂದು ಲೋಟ ತೊಳೆಯತೊಡಗಿದ. ಖರೇ ಮಾತು. ಅವತ್ತು ಅವನಿಗೆ ಒಳ್ಳೆಯ ವ್ಯಾಪಾರವಾಗಿರಬೇಕು. ಅಷ್ಟು ಜನ ಕೂಡಿದ್ದರಲ್ಲ.

ಫೋಟೋದವರು ಮತ್ತೆ ಹೊಂಡದ ಕಡೆ ಹೋಗಲಿಲ್ಲ. ಅವರ ಹೆಂಡತಿ ಅಂಗಳಕ್ಕೆ ಬಂದು ಮಾತಾಡುವುದು ನಿಂತಿತು, ಓಣಿ ನಗುವುದೂ ನಿಂತಿತು. ಮಳೆಗಾಲ ಬರುವಷ್ಟರಲ್ಲಿ ಬೋರ್ಡು ಇಳಿಸಿ ಗುಳೇದಗುಡ್ಡಕ್ಕೆ ಹೊರಟುಹೋದರು. ಕೆಲವು ವರ್ಷಗಳ ಮೇಲೆ ಅಲ್ಲಿ ಒಂದು ಮದುವೆಗೆ ಹೋದಾಗ ಹುಡುಕಿಕೊಂಡು ಹೋದೆ. ಹೆಂಡತಿಯ ಅಣ್ಣನ ಮನೆಯಲ್ಲಿ, ಮಗ್ಗದ ಪಕ್ಕ ಕೂತು ನೂಲು ಸುತ್ತುತ್ತಿದ್ದರು. ನನ್ನನ್ನು ನೋಡಿ ಏಳಹೋದರು, ನಾನೇ ಕೂರಿಸಿದೆ. ಮಗ್ಗದ ಸದ್ದಿನಲ್ಲಿ ಮಾತು ಕೇಳುತ್ತಿರಲಿಲ್ಲ. ಅದರಿಂದ ಇಬ್ಬರಿಗೂ ಅನುಕೂಲವೇ ಆಯಿತು.

ಮಗ್ಗ ನಿಂತಾಗ ಅವರಾಗಿಯೇ ಹೇಳಿದರು.

“ಫೋಟೋದಾಗ ಎಲ್ಲಾ ಇತ್ತರಿ ಅಣ್ಣಾರ. ಹುಡುಗನ ಒಂದ ಕೈ ಹೆಂಡತಿ ಹೆಗಲ ಮ್ಯಾಲ, ಇನ್ನೊಂದ ಕೈಯಾಗ ನಮ್ಮ ಖಣ. ನನ್ನ ಕಡೆನ ನೋಡಿ ಬೀಸಾಕತ್ತಿದ್ದ. ಹುಡುಗ ಗೊತ್ತಿಲ್ಲ ಅಂದ ಮ್ಯಾಲ ಅವರಪ್ಪಗ ದೊಡ್ಡದು ಮಾಡಿ ತೋರಿಸಿದ್ನಿ. ನೋಡಿದ. ಖಣ ನೋಡಿದ, ಮಗನ್ನ ನೋಡಿದ. ಅವಗ ತಿಳೀತರಿ. ತಿಳದ ಮ್ಯಾಲ ‘ಅಳಸು’ ಅಂದ.”

“ಅಳಿಸಿದ್ರಾ?”

“ಅಳಸಿದ್ನಿ. ಅಷ್ಟ ಮಂದಿ ನಿಂತಿದ್ರು.” ಸ್ವಲ್ಪ ಹೊತ್ತು ನೂಲು ಸುತ್ತಿದರು. “ಫೋಟೋ ಮಾತ್ರ ಭಾಳ ಛಲೋ ಬಂದಿತ್ತು ಬಿಡ್ರಿ. ಆ ಹುಡುಗಿ ಏನ್ ನಕ್ಕಿದ್ಲಂತೀರಿ...”

ಹೊರಡುವಾಗ ಅವರ ಹೆಂಡತಿ ಒಂದು ಡಬ್ಬಿ ತಂದು ತೋರಿಸಿದರು. ಅದೇ ಹಾಲಿನಪುಡಿ ಡಬ್ಬಿ. ತೇವ ಹಿಡಿಯಬಾರದೆಂದು ಲೆನ್ಸನ್ನು ಅರಿವೆಯಲ್ಲಿ ಸುತ್ತಿ ಜೋಳದಲ್ಲಿ ಹೂತಿಟ್ಟಿದ್ದರು. ತೆಗೆದು ಬೆಳಕಿಗೆ ಹಿಡಿದೆ. ಗಾಜಿನ ಒಳಗೆ ಜೇಡರಬಲೆಯಂತೆ ಬಿಳಿ ಬೂಷ್ಟು ಹಬ್ಬಿತ್ತು. ಜೋಳದ, ರಬ್ಬರಿನ ವಾಸನೆ ಒಟ್ಟಿಗೆ ಮೂಗಿಗೆ ಬಂತು. ಮತ್ತೆ ಅರಿವೆಯಲ್ಲಿ ಸುತ್ತಿ ಕೊಟ್ಟೆ. ಹೋದ ವರ್ಷ ಫೋಟೋದವರು ತೀರಿಕೊಂಡರೆಂದು ಸುದ್ದಿ ಬಂತು, ಮಣ್ಣಾದ ಮೇಲೆ.

ಮಗಳು ಹೊಸ ಲೆನ್ಸನ್ನು ಕ್ಯಾಮೆರಾಕ್ಕೆ ಹಾಕಿ, “ಅಪ್ಪಾ, ಎಷ್ಟ ಹಗುರ ಐತಿ ಹಿಡದ ನೋಡು,” ಎಂದು ನನ್ನ ಕೈಗೆ ಕೊಟ್ಟಳು. ಮಾಳಿಗೆಯ ಮೇಲೆ ಹೋಗಿ ಕಣ್ಣಿಗೆ ಹಿಡಿದೆ. ದೂರದ ಮನೆಯ ಮಾಳಿಗೆಯಲ್ಲಿ ಯಾರೋ ಬಟ್ಟೆ ಒಣಹಾಕುತ್ತಿದ್ದರು. ನಾನು ಮೊದಲು ಹಿಂದೆ ತಿರುಗಿ ನೋಡಿದೆ. ಯಾರೂ ಇರಲಿಲ್ಲ. ಆದರೂ ಇಳಿಸಿಬಿಟ್ಟೆ. ಲೆನ್ಸಿನ ಮುಂದೆ ಏನೇನು ಕಾಣುತ್ತದೆ ಎಂದು ನಮ್ಮ ಸಮಿತಿ ಅಷ್ಟು ದಿನ ಚರ್ಚಿಸಿತು. ಹಿಂದೆ ಯಾರು ಕೂತಿರುತ್ತಾರೆ ಎಂಬುದು ಕಾರ್ಯಸೂಚಿಯಲ್ಲೇ ಇರಲಿಲ್ಲ.

ಫೋಟೋದವರಿಲ್ಲ. ಅವರು ತೆಗೆದವುಗಳಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಬಂದದ್ದೂ ಇಲ್ಲ. ಆ ಖಣದ ತುಂಡು ಮಾತ್ರ ಎಲ್ಲಿಯೋ ಇರಬೇಕು, ವಾಪಸ್ಸು ಬರಲೇ ಇಲ್ಲವಲ್ಲ. ಹುನಗುಂದದ ಕಡೆ ಯಾವುದೋ ಮನೆಯ ಟ್ರಂಕಿನಲ್ಲಿ, ಮದುವೆಯ ಬಟ್ಟೆಗಳ ಅಡಿಯಲ್ಲಿ... ಆ ಹುಡುಗನಿಗೆ ಈಗ ಸಾಲೆಗೆ ಹೋಗುವ ಮಕ್ಕಳಿರಬಹುದು. ಯಾವಾಗಲೋ ಟ್ರಂಕು ತೆಗೆದಾಗ ಇದು ಯಾರದು ಎಂದು ಕೇಳಿಯಾರು. ನನಗೇನೂ ಗೊತ್ತಿಲ್ಲ ಎನ್ನುತ್ತಾನೆ. ಆ ಮಾತು ಅವನಿಗೆ ರೂಢಿಯಾಗಿದೆ.