ಫಾಲೋಫೀಲ್ಡಿಗೆ ನನಗಿಂತ ಮೊದಲು ಹೋದವಳು

ದೆವ್ವ, ಭೂತ, ಮುಂದಾಗುವುದನ್ನು ಹೇಳುವ ಕನಸು, ಇಂಥ ಮಾತು ಶುರುವಾದರೆ ಎದ್ದು ಚಹಾಕ್ಕೆ ನೀರಿಡಲು ಹೋಗುವವರ ಪೈಕಿ ನಾನು. ಮ್ಯಾಂಚೆಸ್ಟರಿನ ವಿದನ್‌ಶಾದಲ್ಲಿರುವ ದೊಡ್ಡ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವುದು ನನ್ನ ಕೆಲಸ. ಮನುಷ್ಯರ ಒಳಗೆ ಏನಿದೆ ಎಂದು ದಿನವಿಡೀ ನೋಡುತ್ತೇನೆ. ಮೂಳೆ ಇರುತ್ತದೆ, ಗಾಳಿ ಇರುತ್ತದೆ, ಮಕ್ಕಳಾದರೆ ಒಮ್ಮೊಮ್ಮೆ ನುಂಗಿದ ಗುಂಡಿ ಇರುತ್ತದೆ. ಬೇರೆ ಏನೂ ಕಂಡದ್ದಿಲ್ಲ. ಆದ್ದರಿಂದ ಈಗ ಹೇಳಲಿರುವುದನ್ನು ಓದಿ ನೀವು ನಕ್ಕರೆ ನನಗೆ ಬೇಸರವಿಲ್ಲ. ಬೇರೆಯವರು ಹೇಳಿದ್ದರೆ ನಾನೂ ನಗುತ್ತಿದ್ದೆ.

ಕೆಲವು ವರ್ಷಗಳ ಹಿಂದಿನ ಮಾತು. ಇಲ್ಲಿನ ಕನ್ನಡದವರ ಗುಂಪಿನಲ್ಲಿ ಒಬ್ಬೊಬ್ಬರಿಗೆ ಒಂದೊಂದು ಕೆಲಸ. ನನ್ನ ಪಾಲಿಗೆ ಬಂದದ್ದು ಹೊಸ ವಿದ್ಯಾರ್ಥಿಗಳು. ಸೆಪ್ಟೆಂಬರ್ ಬಂತೆಂದರೆ ಕರ್ನಾಟಕದಿಂದ ಎಂಎಸ್ಸಿ ಓದಲು ಬರುವ ಮಕ್ಕಳನ್ನು ವಿಮಾನ ನಿಲ್ದಾಣದಲ್ಲಿ ಎದುರುಗೊಂಡು, ಅವರ ರೂಮಿಗೆ ಮುಟ್ಟಿಸಿ, ಈ ದೇಶದಲ್ಲಿ ಬದುಕುವ ರೀತಿಯನ್ನು ಒಂದು ಗಂಟೆಯಲ್ಲಿ ಹೇಳಿಕೊಡಬೇಕು. ವರ್ಷಾನುವರ್ಷ ಹೇಳಿ ಹೇಳಿ ಅದು ನನಗೆ ಮಂತ್ರದಂತೆ ಬಾಯಿಗೆ ಬಂದುಬಿಟ್ಟಿತ್ತು. ಜ್ವರ ಬರುವ ಮೊದಲೇ ಜಿಪಿ, ಅಂದರೆ ಬಡಾವಣೆಯ ಡಾಕ್ಟರ ಹತ್ತಿರ ಹೆಸರು ಬರೆಸಿ, ಬಂದ ಮೇಲೆ ಅಲ್ಲ. ಕೌನ್ಸಿಲ್ ಟ್ಯಾಕ್ಸ್ ಎಂಬ ಮನೆ ತೆರಿಗೆಯ ಕಾಗದ ಬಂದರೆ ಅಳಬೇಡಿ, ವಿದ್ಯಾರ್ಥಿಗಳಿಗೆ ಅದು ಇಲ್ಲ, ಯೂನಿವರ್ಸಿಟಿಯವರಿಂದ ಪತ್ರ ತಂದು ತೋರಿಸಿ. ಒಗ್ಗರಣೆಗೆ ಮೊದಲು ಕಿಟಕಿ ತೆರೆಯಿರಿ, ಇಲ್ಲವಾದರೆ ಹೊಗೆಯ ಗಂಟೆ ಬಡಿದುಕೊಂಡು ಇಡೀ ಬೀದಿ ಹೊರಗೆ ಬರುತ್ತದೆ. ಬಸ್ಸಿಗೆ ಕೈ ಮಾಡದಿದ್ದರೆ ಅದು ನಿಲ್ಲುವುದಿಲ್ಲ. ಇಳಿಯುವಾಗ ಡ್ರೈವರಿಗೆ ಥ್ಯಾಂಕ್ಸ್ ಹೇಳಿ. ಯಾರಾದರೂ "ಯೂ ಆಲ್‌ರೈಟ್?" ಎಂದರೆ ನಿಮ್ಮ ಆರೋಗ್ಯದ ವಿವರ ಕೊಡಬೇಡಿ, ಅದು ಪ್ರಶ್ನೆಯಲ್ಲ. ಛತ್ರಿ ಕೊಳ್ಳಬೇಡಿ, ಇಲ್ಲಿನ ಗಾಳಿಗೆ ಅದು ಮುರಿಯುತ್ತದೆ. ಟೋಪಿ ಇರುವ ಜಾಕೆಟ್ ಕೊಳ್ಳಿ.

ಆ ವರ್ಷ ಗದಗಿನಿಂದ ಅಕ್ಷತಾ ಎಂಬ ಹುಡುಗಿ ಬರುವವಳಿದ್ದಳು. ವಿಮಾನ ಹತ್ತುವುದೇ ಮೊದಲು. ತಂದೆ ನಿವೃತ್ತ ಮಾಸ್ತರರು; ಒಂದು ತಿಂಗಳಿಂದ ನನಗೆ ಫೋನ್ ಮಾಡಿ, "ಅಕ್ಕಾರ, ನೀವು ಇದ್ದೇ ಇರ್ತೀರಲ್ರಿ?" ಎಂದು ಕೇಳುತ್ತಿದ್ದರು. ಆಕೆಗೆ ಫಾಲೋಫೀಲ್ಡಿನಲ್ಲಿ ಮನೆ ಗೊತ್ತಾಗಿತ್ತು. ವಿಲ್ಮ್‌ಸ್ಲೋ ರಸ್ತೆಯ ಆಚೀಚೆ ಇರುವ ಆ ಮನೆಗಳಲ್ಲಿ ಬರೀ ವಿದ್ಯಾರ್ಥಿಗಳು. ಜೊತೆಯ ಹುಡುಗಿಯರು ಇನ್ನೂ ಬಂದಿರಲಿಲ್ಲ. ಮನೆಯ ಮಾಲೀಕ ಊರಿಗೆ ಹೋಗುವಾಗ ಬೀಗದ ಕೈಯನ್ನು ನನಗೆ ಕೊಟ್ಟಿದ್ದ. ಅದಕ್ಕೆ ನನ್ನ ಮಗಳು ಇಂಚರ ಶಾಲೆಯಲ್ಲಿ ಹೆಣೆದ ಹಳದಿ ಉಣ್ಣೆಯ ಚೆಂಡೊಂದನ್ನು ಕಟ್ಟಿ ನನ್ನ ಕೈಚೀಲದಲ್ಲಿ ಹಾಕಿಕೊಂಡಿದ್ದೆ.

ಹಿಂದಿನ ದಿನ ನಾಟಿಂಗ್‌ಹ್ಯಾಮಿನಲ್ಲಿ ಗೆಳತಿಯ ಮಗುವಿನ ತೊಟ್ಟಿಲ ಕಾರ್ಯಕ್ರಮ. ಮಗಳು ತನ್ನ ಸ್ನೇಹಿತೆಯ ಮನೆಯಲ್ಲಿ ಉಳಿದಳು. ನಮ್ಮ ಯಜಮಾನರು ಅರಿವಳಿಕೆ ಡಾಕ್ಟರು; ಅವರ ಡ್ಯೂಟಿ ಪಟ್ಟಿಯಲ್ಲಿ ಆ ಶನಿವಾರವೂ ಮರುದಿನವೂ ದಿನಪೂರ್ತಿ ಆಪರೇಷನ್ ಥಿಯೇಟರ್ ಇತ್ತು. ನಾನು ಒಬ್ಬಳೇ ಹೋಗಿ, ರಾತ್ರಿ ಅಲ್ಲೇ ತಂಗಿ, ಬೆಳಗಿನ ರೈಲು ಹಿಡಿದೆ. ಮಧ್ಯಾಹ್ನ ವಿಮಾನ ಇಳಿಯುವ ಹೊತ್ತಿಗೆ ನಾನು ಅಲ್ಲಿ ನಿಂತು ಒಂದು ಕಾಫಿಯನ್ನೂ ಮುಗಿಸಿರುತ್ತೇನೆ ಎಂದು ಲೆಕ್ಕ ಹಾಕಿದ್ದೆ.

ಶೆಫೀಲ್ಡ್ ದಾಟಿ ಗುಡ್ಡಗಳ ನಡುವೆ ಬಂದಾಗ ರೈಲು ನಿಂತಿತು. ಹಳಿಯ ಮೇಲೆ ಕುರಿಗಳಿವೆ ಎಂದು ಗಾರ್ಡ್ ಬಹಳ ಗೌರವದಿಂದ ಪ್ರಕಟಿಸಿದ. ಕುರಿಗಳು ಹೋದವು, ರೈಲು ಹೋಗಲಿಲ್ಲ. ಎಂಜಿನ್ನಿಗೇ ಏನೋ ಆಗಿದೆಯೆಂದು ಆಮೇಲೆ ತಿಳಿಯಿತು. ಎರಡೂ ಕಡೆ ಹಸಿರು ಗುಡ್ಡ, ಫೋನಿಗೆ ಒಂದು ಗೆರೆ ನೆಟ್‌ವರ್ಕ್ ಇಲ್ಲ. ಕಿಟಕಿಗೆ ಹಿಡಿದೆ, ಬಾಗಿಲಿಗೆ ಹಿಡಿದೆ, ಸೀಟಿನ ಮೇಲೆ ಹತ್ತಿ ಸೂರಿಗೆ ಹಿಡಿದೆ. ನೆಟ್‌ವರ್ಕ್ ಹುಡುಕಿ ಹುಡುಕಿ ಫೋನ್ ಸತ್ತಿತು. ಎದುರು ಕೂತ ಮುದುಕಿ ಹೆಣಿಗೆ ನಿಲ್ಲಿಸಿ ನನಗೊಂದು ಬಿಸ್ಕತ್ತು ಕೊಟ್ಟಳು. ಹೀಗೊಬ್ಬ ಹುಡುಗಿ ಬರುತ್ತಾಳೆ, ಆಕೆಗೆ ಇಲ್ಲಿ ಯಾರೂ ಗೊತ್ತಿಲ್ಲ ಎಂದು ಹೇಳಿಕೊಂಡೆ. "ಡೋಂಟ್ ಫ್ರೆಟ್, ಲವ್. ಸಮ್‌ಬಡಿ ವಿಲ್ ಬಿ ದೇರ್," ಎಂದು ಮತ್ತೆ ಹೆಣೆಯತೊಡಗಿದಳು. ಇಲ್ಲಿನ ಮುದುಕಿಯರು ಎಲ್ಲದಕ್ಕೂ ಹಾಗೇ ಹೇಳುತ್ತಾರೆ.

ಅಂತೂ ಬೇರೆ ಎಂಜಿನ್ ಬಂದು ನಮ್ಮನ್ನು ಎಳೆದುಕೊಂಡು ಹೋಯಿತು. ವಿಮಾನ ನಿಲ್ದಾಣಕ್ಕೆ ಓಡಿದಾಗ ಸಂಜೆಯ ಬಿಸಿಲು ಓರೆಯಾಗಿತ್ತು. ಆ ವಿಮಾನದವರೆಲ್ಲ ಯಾವಾಗಲೋ ಹೋಗಿಯಾಗಿತ್ತು. ಕುರ್ಚಿ ಕುರ್ಚಿ ನೋಡಿದೆ, ಹೆಂಗಸರ ಟಾಯ್ಲೆಟ್ಟಿನಲ್ಲಿ ನಿಂತು "ಅಕ್ಷತಾ!" ಎಂದು ಕೂಗಿದೆ. ಒಳಗಿನಿಂದ ಯಾರೋ ಗಾಬರಿಯಾಗಿ "ಸಾರಿ!" ಎಂದರು. ಇಲ್ಲಿನ ಸಿಮ್ ಇಲ್ಲದ, ಮನೆಯ ಬೀಗದ ಕೈ ಇಲ್ಲದ ಹುಡುಗಿ ಎಲ್ಲಿಗೆ ಹೋದಾಳು? ವಿಚಾರಣೆಯ ಮೇಜಿನವಳು ನನ್ನ ಮುಖ ನೋಡಿ ತನ್ನ ಚಾರ್ಜರನ್ನೇ ಕೊಟ್ಟಳು.

ಫೋನ್ ಜೀವ ಹಿಡಿದ ಕೂಡಲೇ ಗದಗಿನ ಮಾಸ್ತರರ ಧ್ವನಿ ಸಂದೇಶ ಬಂತು. ಬೈಗುಳ ಕೇಳಲು ಸಿದ್ಧಳಾಗಿ ಕಿವಿಗೆ ಹಿಡಿದೆ. "ಅಕ್ಕಾರ, ಮಗಳು ಮನಿ ಮುಟ್ಟಿ, ಅಲ್ಲಿ ವೈಫೈದಾಗ ಫೋನ್ ಮಾಡಿದಳು. ಆಕಿ ಜೋಡಿ ನಿಮ್ಮ ದನಿ ಕೇಳಿ ನಮ್ಮ ಜೀವ ತಣ್ಣಗಾತ್ರಿ. ನಿಮ್ಮ ಉಪಕಾರ ಮರಿಯಂಗಿಲ್ಲ," ಎಂದು ಅಳುತ್ತಿದ್ದರು.

ನನ್ನ ದನಿ? ನನ್ನ ದನಿ ಆಗ ಕುರಿಗಳ ನಡುವೆ ಇತ್ತು. ಗುಂಪಿನ ಬೇರೆ ಯಾರೋ ಹೋಗಿರಬೇಕು, ಮಾಸ್ತರರು ಗಡಿಬಿಡಿಯಲ್ಲಿ ತಪ್ಪು ತಿಳಿದಿರಬೇಕು ಎಂದುಕೊಂಡು ಟ್ಯಾಕ್ಸಿಯಲ್ಲಿ ಫಾಲೋಫೀಲ್ಡಿಗೆ ಹೋದೆ. ಬೆಲ್ ಒತ್ತಿದೆ. ಬಾಗಿಲು ತೆರೆದ ಹುಡುಗಿ ನನ್ನನ್ನು ಆವರೆಗೆ ಒಮ್ಮೆಯೂ ಎದುರಿಗೆ ಕಂಡವಳಲ್ಲ. ನಾನು "ನಾನವ್ವಾ..." ಎನ್ನುವಷ್ಟರಲ್ಲಿ ಅವಳೇ ನಕ್ಕು, "ಯಾಕ್ರಿ ಅಕ್ಕಾರ, ಏನರ ಬಿಟ್ಟು ಹೋಗಿದ್ರೇನು?" ಎಂದಳು.

ಅವಳ ಬೆನ್ನ ಹಿಂದೆ, ಗೋಡೆಯ ಮೊಳೆಗೆ, ಹಳದಿ ಉಣ್ಣೆಯ ಚೆಂಡು ತೂಗುತ್ತಿತ್ತು.

ಓದುಗರೇ, ಆ ಕ್ಷಣದಲ್ಲಿ ನೀವಾಗಿದ್ದರೆ ಏನು ಮಾಡುತ್ತಿದ್ದಿರೋ ನಾನರಿಯೆ. ನನಗೆ ಒಂದೇ ಯೋಚನೆ ಬಂತು. ಈ ಹುಡುಗಿ ಇಂದು ರಾತ್ರಿ ಈ ಖಾಲಿ ಮನೆಯಲ್ಲಿ ಒಬ್ಬಳೇ ಇರುತ್ತಾಳೆ. ಮಧ್ಯಾಹ್ನದಿಂದ ನಿನ್ನ ಜೊತೆ ಇದ್ದವಳು ನಾನಲ್ಲ ಎಂದು ಹೇಳಿದರೆ ಇವಳು ನಾಳೆಯೇ ಗದಗಿನ ವಿಮಾನ ಹುಡುಕುತ್ತಾಳೆ. ಗದಗಿಗೆ ವಿಮಾನವಿಲ್ಲ ಎಂಬುದು ಬೇರೆ ಮಾತು.

"ಹೌದವ್ವಾ, ಛತ್ರಿ ಬಿಟ್ಟಿದ್ದೆ ನೋಡು," ಎಂದೆ.

"ಛತ್ರಿ? ಈ ಊರಾಗ ಛತ್ರಿ ತಗೋಬ್ಯಾಡ, ಟೋಪಿ ಇರೋ ಜಾಕೆಟ್ ತಗೋ ಅಂತ ನೀವ ಅಂದ್ರಲ್ರಿ!"

ಒಳಗೆ ನುಗ್ಗಿದೆ. ಹಾಸಿಗೆಗೆ ಹೊದಿಕೆ ಹಾಕಿಯಾಗಿತ್ತು. ಅಡಿಗೆಮನೆಯ ಕಿಟಕಿ ತೆರೆದಿತ್ತು. ಅವಳ ಆನೆಯಂಥ ಸೂಟ್‌ಕೇಸ್ ಮೇಲಿನ ಮಹಡಿಯಲ್ಲಿತ್ತು. ಇದನ್ನು ಹೇಗೆ ಹತ್ತಿಸಿದೆವು ಎಂದು ನೆನಪಿಲ್ಲದವಳಂತೆ ಕೇಳಿದೆ. "ನೀವ ಒಂದ ಕೈಲೆ ಎತ್ತಿದ್ರಿ. ನನಗ ಮುಟ್ಟಾಕೂ ಕೊಡಲಿಲ್ಲ," ಎಂದಳು. ಐದು ಕಿಲೋ ಅಕ್ಕಿ ಎತ್ತಿದರೆ ಎರಡು ದಿನ ಬೆನ್ನಿಗೆ ಬಿಸಿನೀರ ಚೀಲ ಕಟ್ಟಿಕೊಳ್ಳುವವಳು ನಾನು. ನನಗೆ ಭಯಕ್ಕಿಂತ ಮೊದಲು ಹೊಟ್ಟೆಕಿಚ್ಚಾಯಿತು.

ಒಲೆಯ ಮೇಲೆ ಒಗ್ಗರಣೆ ಅವಲಕ್ಕಿ ಉಳಿದಿತ್ತು. ಚಮಚದಲ್ಲಿ ತೆಗೆದು ಬಾಯಿಗೆ ಹಾಕಿಕೊಂಡೆ. ಕೊನೆಯಲ್ಲಿ ಶೇಂಗಾ ಚಟ್ನಿಪುಡಿ ಉದುರಿಸಿ ಮುಚ್ಚಿಡುವ ನನ್ನದೇ ಕೈಯ ಅವಲಕ್ಕಿ. ಒಂದೇ ವ್ಯತ್ಯಾಸ, ಉಪ್ಪು ಸರಿಯಾಗಿತ್ತು.

ಆಮೇಲೆ ಅವಳು ಏನನ್ನೋ ನೆನೆದು ಬಿದ್ದು ಬಿದ್ದು ನಗತೊಡಗಿದಳು. "ಆ ಮಷಿನ್ ಕತಿ ಇನ್ನೂ ನೆನಪಾಗಾಕತ್ತೈತ್ರಿ." ಯಾವ ಮಷಿನ್ ಎಂದೆ. "ಅದೇ, ಅಂಗಡ್ಯಾಗಿಂದು. ನಿಮ್ಮ ಕೂಡ ಮಾತಾಡಾಕ ಯಾರೂ ಇರಲಿಲ್ಲಂತ ದಿನಾ ಒಂದ ಬಾಳಿಹಣ್ಣು, ಒಂದ ಉಳ್ಳಾಗಡ್ಡಿ ತರಾಕ ಹೋಗ್ತಿದ್ರೆಲ್ಲ, ಆ ಮಷಿನ್ ದನಿ ಕೇಳಾಕ."

ನಾನು ಕುರ್ಚಿ ಹಿಡಿದು ಕೂತೆ. ಬಹಳ ವರ್ಷಗಳ ಹಿಂದೆ ನಾನೂ ವಿದ್ಯಾರ್ಥಿಯಾಗಿ ಈ ಊರಿಗೆ ಬಂದಿದ್ದೆ. ನನ್ನನ್ನು ಎದುರುಗೊಳ್ಳಲು ಯಾರೂ ಇರಲಿಲ್ಲ. ಮೊದಲ ವಾರ ನನ್ನೊಡನೆ ಮಾತಾಡಿದ್ದು ಒಂದೇ ಒಂದು ದನಿ, ಸೂಪರ್ ಮಾರ್ಕೆಟ್ಟಿನಲ್ಲಿ ನಾವೇ ಬಿಲ್ ಮಾಡಿಕೊಳ್ಳುವ ಯಂತ್ರದ್ದು. ಚೀಲದಲ್ಲಿ ಏನೋ ಹೆಚ್ಚಿಗೆ ಇದೆ ಎಂದು ಅದು ಗದರಿಸಿದರೆ ನಾನು "ತೆಗದೆ ಇರವ್ವಾ" ಎಂದು ಕನ್ನಡದಲ್ಲಿ ಉತ್ತರ ಕೊಡುತ್ತಿದ್ದೆ. ಇದನ್ನು ನಾನು ಗಂಡನಿಗೆ ಹೇಳಿಲ್ಲ, ಹೆತ್ತ ತಾಯಿಗೆ ಹೇಳಿಲ್ಲ. ನಾಚಿಕೆಯಿಂದ ನನಗೆ ನಾನೇ ಕೂಡ ಸರಿಯಾಗಿ ಹೇಳಿಕೊಂಡಿರಲಿಲ್ಲ.

ಒಂದು ಫೋಟೋ ತೆಗೆದೆಯಾ ಎಂದು ಮೆಲ್ಲಗೆ ಕೇಳಿದೆ. "ನೀವು ಬ್ಯಾಡ ಅಂದ್ರಲ್ರಿ, ತಲಿ ಬಾಚಿಲ್ಲ ಅಂತ." ಅದೂ ಸರಿಯೇ. ಇಪ್ಪತ್ತು ವರ್ಷಗಳಿಂದ ನಾನು ಫೋಟೋದಿಂದ ತಪ್ಪಿಸಿಕೊಳ್ಳುವುದು ಅದೇ ಮಾತಿನಿಂದ.

ನಮ್ಮ ಮನೆಗೆ ಬಾ, ಇಂದು ಅಲ್ಲೇ ಮಲಗು ಎಂದೆ. ಅವಳು ಒಪ್ಪಲಿಲ್ಲ. ಮೊದಲನೇ ರಾತ್ರಿ ತನ್ನ ಖೋಲಿಯಲ್ಲೇ ಮಲಗಿದರೆ ಹೆದರಿಕೆ ಹೋಗುತ್ತದೆಂದು ನಾನೇ ಹೇಳಿದ್ದೆನಂತೆ. ನನ್ನ ಮಾತಿಗೆ ನಾನೇ ಎದುರಾಡುವಂತಿರಲಿಲ್ಲ. ಹೊರಡುವಾಗ ಅವಳು, "ಮತ್ತ ಬರೋ ರವಿವಾರ ರೊಟ್ಟಿ ಊಟಕ್ಕ ಬರ್ತೀನ್ರಿ. ಈಜು ಕಲಸ್ತೀನಿ ಅಂದೀರಿ, ಅದನ್ನ ಮರೀಬ್ಯಾಡ್ರಿ," ಎಂದಳು.

ರೊಟ್ಟಿ ಇರಲಿ. ನನಗೆ ಈಜು ಬರುವುದಿಲ್ಲ.

ಮನೆಗೆ ಬಂದು ಕೈಚೀಲವನ್ನು ಊಟದ ಮೇಜಿನ ಮೇಲೆ ಸುರಿದೆ. ಬೀಗದ ಕೈ ಇರಲಿಲ್ಲ. ನಮ್ಮ ಯಜಮಾನರು ಮೈಸೂರಿನವರು, ಎಲ್ಲವನ್ನೂ ನಿಧಾನವಾಗಿ ವಿವರಿಸುತ್ತಾರೆ. "ಆ ಕೀ ನೀನು ಮೊದಲೇ ಅಲ್ಲಿ ಬಿಟ್ಟಿರ್ತೀಯ. ಯಾರೋ ಒಬ್ಬರು ಹೆಂಗಸು ಪಾಪ ಸಹಾಯ ಮಾಡಿದ್ದಾರೆ. ಆ ಹುಡುಗಿಗೆ ಜೆಟ್ ಲ್ಯಾಗ್ ಕಣೆ, ಯಾರನ್ನ ನೋಡಿದ್ರೂ ನಿನ್ನ ಹಾಗೇ ಕಾಣುತ್ತೆ," ಎಂದರು. ಜೆಟ್ ಲ್ಯಾಗಿಗೆ ಅವಲಕ್ಕಿ ಒಗ್ಗರಣೆ ಹಾಕಲು ಬರುತ್ತದೆಯೇ ಎಂದು ಕೇಳಿದೆ. ಉಪ್ಪಿನ ವಿಷಯ ಹೇಳಿದಾಗ ಮಾತ್ರ ಅವರು, "ಹಾಗಾದ್ರೆ ನೀನಂತೂ ಅಲ್ಲ," ಎಂದರು. ಮಗಳು ಕಥೆಯನ್ನೆಲ್ಲ ಕೇಳಿ, "ಮಾಮ್, ದಟ್ಸ್ ಸೋ ಕೂಲ್. ಕ್ಯಾನ್ ಶೀ ಡೂ ಪೇರೆಂಟ್ಸ್ ಈವ್ನಿಂಗ್ ಇನ್‌ಸ್ಟೆಡ್?" ಎಂದಳು. ಶಾಲೆಯ ಪಾಲಕರ ಸಭೆಗೆ ನನ್ನ ಬದಲು ಅವಳು ಬರಲಿ ಎಂದು.

ಗುಂಪಿನ ಎಲ್ಲರನ್ನೂ ಸುತ್ತುಬಳಸಿ ವಿಚಾರಿಸಿದೆ. ಯಾರೂ ಹೋಗಿರಲಿಲ್ಲ. ಯಾರಾದರೂ ಹೋಗಿದ್ದರೂ ಆ ಯಂತ್ರದ ವಿಷಯ ಅವರಿಗೆ ಹೇಗೆ ಗೊತ್ತಾಗಬೇಕು?

ಅಕ್ಷತಾಳಿಗೆ ಈಜಿನ ಮಾತನ್ನು ಮರೆಸಲು ಆ ಚಳಿಗಾಲವೆಲ್ಲ ಪ್ರಯತ್ನಿಸಿದೆ. ಆಗಲಿಲ್ಲ. ಕೊನೆಗೆ ಆಸ್ಪತ್ರೆಯ ಗೆಳತಿಯೊಬ್ಬಳನ್ನು ಕಾಡಿ, ಅಕ್ಷತಾಳಿಗೆ ತಿಳಿಯದಂತೆ ವಾರಕ್ಕೊಮ್ಮೆ ಬೆಳಿಗ್ಗೆ ಈಜುಕೊಳಕ್ಕೆ ಹೋಗತೊಡಗಿದೆ. ಮೊಣಕಾಲಿನವರೆಗಿನ ಕಪ್ಪು ಉಡುಪು ತೊಟ್ಟು, ಐದು ವರ್ಷದ ಇಂಗ್ಲಿಷ್ ಮಕ್ಕಳ ಸಾಲಿನಲ್ಲಿ ನಿಂತು, ಒಂದು ಸ್ಪಂಜಿನ ಹಲಗೆಯನ್ನು ತಬ್ಬಿಕೊಂಡು ಕಾಲು ಬಡಿದೆ. ನಾನು ಹುಟ್ಟಿ ಬೆಳೆದದ್ದು ಕೃಷ್ಣಾ ನದಿಯ ದಂಡೆಯಲ್ಲಿ. ಅಣ್ಣಂದಿರು ಈಜುವಾಗ ಅವರ ಬಟ್ಟೆ ಕಾಯುವುದು ನನ್ನ ಕೆಲಸವಾಗಿತ್ತು. ನಲವತ್ತು ದಾಟಿದ ಮೇಲೆ, ಕ್ಲೋರಿನ್ ವಾಸನೆಯ ನೀರಿನಲ್ಲಿ, ಕಾಲು ನೆಲ ಬಿಟ್ಟಿತು. ಬೇಸಿಗೆಯಲ್ಲಿ ಅಕ್ಷತಾಳಿಗೆ ಕಲಿಸಿದೆ. ನಾನು ಯಾವ ಕಾಲದಿಂದಲೋ ಈಜುವವಳು ಎಂದೇ ಅವಳು ತಿಳಿದಿದ್ದಾಳೆ.

ಅಕ್ಷತಾ ಈಗ ಲೀಡ್ಸ್‌ನಲ್ಲಿ ಕೆಲಸದಲ್ಲಿದ್ದಾಳೆ. ಅಲ್ಲಿಗೆ ಬರುವ ಮಕ್ಕಳನ್ನು ತಾನೇ ಹೋಗಿ ಕರೆತರುತ್ತಾಳೆ. ನಿಜ ಹೇಳಬೇಕೆಂದು ನಾನು ಎಷ್ಟೋ ಸಲ ಬಾಯಿ ತೆರೆದಿದ್ದೇನೆ. ತೆರೆದಾಗಲೆಲ್ಲ ಅವಳು ಆ ದಿನದ ಇನ್ನೊಂದು ಸಂಗತಿ ಹೇಳುತ್ತಾಳೆ, ನಾನು ಕೇಳುತ್ತ ಕೂತುಬಿಡುತ್ತೇನೆ.

ಹೋದ ತಿಂಗಳು ಊಟಕ್ಕೆ ಬಂದಿದ್ದಳು. ನಾನು ಎರಡನೆಯ ರೊಟ್ಟಿ ಹಾಕಿಕೊಳ್ಳುವುದನ್ನು ನೋಡಿ ನಕ್ಕು, "ಅವತ್ತ ನೀವು ಒಂದ ತುತ್ತೂ ಉಣ್ಣಲಿಲ್ಲ. ಎಷ್ಟ ಅಂದ್ರೂ, ಬ್ಯಾಡವ್ವ, ಮನ್ಯಾಗ ಕಾಯಾಕತ್ತಾರ, ಹೊತ್ತಾತು ಅಂದ್ರಿ. ಕಿಡಕ್ಯಾಗ ನಿಂತು ನೋಡಿದೆ. ಬಸ್ಸಿಗೆ ಕೈ ಮಾಡಿ ಹತ್ತಿ ಹೋದ್ರಿ," ಎಂದಳು.

ಯಾವ ಬಸ್ಸು, ಯಾವ ಕಡೆಗೆ ಎಂದು ಕೇಳಿದೆ. ರಸ್ತೆಯ ಆ ಬದಿಯದು, ಸಿಟಿ ಕಡೆ ಹೋಗುವುದು ಎಂದಳು. ನಮ್ಮ ಮನೆ ಇರುವುದು ಅದಕ್ಕೆ ವಿರುದ್ಧ ದಿಕ್ಕಿನಲ್ಲಿ. ಯಜಮಾನರು ಥಿಯೇಟರಿನಲ್ಲಿ, ಮಗಳು ಸ್ನೇಹಿತೆಯ ಮನೆಯಲ್ಲಿ; ಆ ಹೊತ್ತಿಗೆ ನಮ್ಮ ಮನೆಯಲ್ಲಿ ಯಾರೂ ಇರಲಿಲ್ಲ, ಯಾರೂ ಯಾರಿಗೂ ಕಾಯುತ್ತಿರಲಿಲ್ಲ. ನನ್ನ ರೂಪದಲ್ಲಿ ಬಂದವಳು ಹಸಿದುಕೊಂಡು, ಹೊತ್ತಾಯಿತೆಂದು ಅವಸರದಲ್ಲಿ ಹೋದ ಮನೆ ಯಾವುದು, ಅಲ್ಲಿ ಬಾಗಿಲು ತೆರೆದವರು ಯಾರು, ಅವಳನ್ನು ಅವರು ಏನೆಂದು ಕರೆದು ಒಳಗೆ ಕರೆದುಕೊಂಡರು, ನನಗೆ ಇವತ್ತಿಗೂ ತಿಳಿದಿಲ್ಲ.