ಅಡ್ಡ ಮಲಗಿಸಿದ ಚಿತ್ರ

ಮೊನ್ನೆ ಗೋಡೆಗೆ ಗಡಿಯಾರ ಹಾಕಲು ಹಳೆಯ ಪೆಟ್ಟಿಗೆ ಕೆದಕಿದಾಗ ಬಡಗಿಗಳು ಮಟ್ಟ ನೋಡುವ ರಸಮಟ್ಟ ಸಿಕ್ಕಿತು. ಮರದ್ದು, ಒಂದು ಮೂಲೆ ಸವೆದದ್ದು. ಗಾಜಿನೊಳಗಿನ ಗುಳ್ಳೆ ಇನ್ನೂ ಸರಿಯಾಗಿ ಓಡಾಡುತ್ತದೆ. ಅದನ್ನು ಕಂಡೊಡನೆ ನನಗೆ ಬಂದದ್ದು ದುಃಖವಲ್ಲ, ಸಿಟ್ಟು...

ಎಂಬತ್ತರ ದಶಕದಲ್ಲಿ, ಬಹ್ರೇನಿನ ಮಾಹೂಝ್‌ನಲ್ಲಿ ಆ ರಸಮಟ್ಟದ ಯಜಮಾನರು ನನ್ನ ಪಕ್ಕದ ಕೋಣೆಯವರು. ಕುಂದಾಪುರದ ಕಡೆಯ ಬಡಗಿ. ಊರಲ್ಲಿ ನಾಗದೇವರ ಪೂಜೆಗೆ ನೆಲದ ಮೇಲೆ ನಾಗಮಂಡಲ ಬರೆಯುವವರಿಗೆ ಬಣ್ಣಕ್ಕೆ ಬೇಕಾದ ಸೊಪ್ಪು, ಇದ್ದಿಲು ತಂದು ಅರೆದುಕೊಡುತ್ತಿದ್ದವರು. ಇಬ್ಬರೂ ಒಂದೇ ಗುತ್ತಿಗೆ ಕಂಪನಿಯಲ್ಲಿದ್ದೆವು. ನಾನು ಗುಮಾಸ್ತ. ಅವರಿಗೆ ಇಂಗ್ಲಿಷ್ ಬಾರದ ಕಾರಣ ಸಾಹೇಬರೆದುರು ಅವರ ಬಾಯಿಯೂ ನಾನೇ.

ಒಮ್ಮೆ ಮ್ಯೂಸಿಯಮ್ಮೊಂದರಲ್ಲಿ ಬ್ರೆಜಿಲಿನ ಕಲಾವಿದನೊಬ್ಬನ ಚಿತ್ರಗಳನ್ನು ತೂಗುಹಾಕುವ ಕೆಲಸ ಬಂತು. ಬರೀ ತ್ರಿಕೋನ, ವೃತ್ತ, ಬಾಣ, ಎರಡು ಅಲಗಿನ ಕೊಡಲಿ. ಇದೆಂಥದು ಎಂದು ಅವರು ಕೇಳಿದರು. ಪ್ರದರ್ಶನದ ಪುಸ್ತಿಕೆ ನೋಡಿ ಹೇಳಿದೆ: ಆಫ್ರಿಕದಿಂದ ಗುಲಾಮರಾಗಿ ಹಡಗು ಹತ್ತಬೇಕಾದ ಜನ ಬ್ರೆಜಿಲಿನಲ್ಲೂ ಕೈಬಿಡದೆ ಪೂಜಿಸಿದ ದೈವಗಳ ಗುರುತುಗಳಂತೆ ಇವು. ಅಷ್ಟು ಕೇಳಿದ್ದೇ ಅವರು ಹೊರಗೆ ಹೋಗಿ ಚಪ್ಪಲಿ ಬಿಟ್ಟು ಬಂದು ಕೆಲಸ ಶುರುಮಾಡಿದರು.

ಕೊನೆಯ ಗೋಡೆಯ ಮೇಲೆ ಎಸಿ ಕೊಳವೆ ಹಾದಿತ್ತು. ಕೊಡಲಿಯ ಚಿತ್ರ ಅದರ ಕೆಳಗೆ ನೆಟ್ಟಗೆ ಹಿಡಿಯಲಿಲ್ಲ. ಅಡ್ಡ ಹಾಕು, ಗೆರೆಗಳಿಗೆ ತಲೆಯೇನು ಕಾಲೇನು ಎಂದ ನಮ್ಮ ಮ್ಯಾನೇಜರ್. ಅವರು ರಸಮಟ್ಟ ಕೆಳಗಿಟ್ಟರು.

“ಮಂಡ್ಲಕ್ಕೊಂದ್ ತಲಿ ಇರತ್. ದೇವ್ರನ್ನ ಅಡ್ಡ ಮಲ್ಗ್ಸುಕೆ ನನ್ ಹತ್ರ ಆತಿಲ್ಲೆ. ಅವ್ರಿಗೆ ಹಾಂಗೇ ಹೇಳಿ ಮಾರಾಯ್ರೆ.”

ಹೇಳಲು ನನಗೆ ನಾಚಿಕೆಯಾಯಿತು. ಹೌದು, ನಾಚಿಕೆ. ಸೂಟು ಹಾಕಿದವನೆದುರು ದೇವರು ದಿಂಡರ ಮಾತೆತ್ತುವುದೇ? ಇವರಿಗೆ ತಲೆಸುತ್ತು, ಏಣಿ ಹತ್ತಲಾರರು ಎಂದುಬಿಟ್ಟೆ. ಅವರನ್ನು ಕೋಣೆಗೆ ಕಳಿಸಿದರು. ಬೇರೊಬ್ಬ ಬಂದು ಚಿತ್ರವನ್ನು ಅಡ್ಡ ಹಾಕಿದ.

ಮರುದಿನ ಕಲಾವಿದ ನೋಡಿ ಕೆಂಡವಾದ. ಓದುಬರಹ ಬಾರದ ಬಡಗಿ, ತಲೆಸುತ್ತಿನಲ್ಲಿ ತಪ್ಪು ಹಾಕಿದ ಎಂದ ಮ್ಯಾನೇಜರ್, ಸ್ವಲ್ಪವೂ ಅಳುಕದೆ. ನನ್ನದೇ ಸುಳ್ಳು ಅವನ ಕೈಗೆ ಕೋಲಾಯಿತು. ನಾನು ಅಲ್ಲೇ ನಿಂತಿದ್ದೆ, ಬಾಯಿ ಬಿಡಲಿಲ್ಲ. ವಾರದೊಳಗೆ ವೀಸಾ ರದ್ದು ಮಾಡಿ ಅವರನ್ನು ಊರಿಗೆ ಅಟ್ಟಿದರು. ಇಡೀ ಹಾಲ್‌ನಲ್ಲಿ ಆ ಚಿತ್ರಗಳಿಗೆ ಮರ್ಯಾದೆ ಕೊಟ್ಟಿದ್ದ ಒಬ್ಬನೇ ಮನುಷ್ಯನಿಗೆ ತಿಳಿಗೇಡಿಯ ಪಟ್ಟ! ಮ್ಯಾನೇಜರನಿಗೆ ಮುಂದೆ ಬಡ್ತಿಯೂ ಸಿಕ್ಕಿತು.

ಹೊರಡುವಾಗ ರಸಮಟ್ಟ ನನ್ನ ಕೈಗಿಟ್ಟು ಅವರು ಕೇಳಿದ್ದು ಇಷ್ಟೇ.

“ನಾ ಹೇಳದ್ನ ಅವ್ರಿಗೆ ಸಮಾ ಹೇಳಿದ್ರಿ ಅಲ್ದಾ?”

ಹೌದು ಎಂದೆ.

ಅವರು ಈಗಿಲ್ಲ. ಗಡಿಯಾರ ಹಾಕಿಯಾಯಿತು, ಗುಳ್ಳೆ ನಡುವೆಯೇ ನಿಂತಿತು. ಆ ‘ಹೌದು’ ಮಾತ್ರ... ಅದನ್ನು ಹಿಂದೆಗೆದುಕೊಳ್ಳಲು ಈಗ ಯಾರ ಬಾಗಿಲಿಗೆ ಹೋಗಲಿ?